ಡ್ಯಾಂ ಕೆಳಗೆ ಗಾಳ ಹಾಕೋ ಮುಂಚೆ ಒಂದು ಕಡ್ಡಿ ನೆಡಿ

ಪ್ರಶ್ನೆ: ಸರ್, ಹೋದ ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ ಫ್ರೆಂಡ್ಸು ಬೆಂಗಳೂರಿಂದ ಕಾರಲ್ಲಿ ಬಂದು ಭದ್ರಾ ಹೊಳೆ ದಂಡೇಲಿ, ಡ್ಯಾಮಿಂದ ಸುಮಾರು ಕೆಳಗೆ, ಬೆಳಿಗ್ಗೆ 6ರಿಂದ 11ರ ತನಕ ಗಾಳ ಹಾಕ್ಕೊಂಡು ಕೂತ್ವಿ, ಒಂದೂ ಕಚ್ಲಿಲ್ಲ. ಬಂದಾಗ ಬಂಡೆ ಎಲ್ಲಾ ಒದ್ದೆ ಇತ್ತು, ಜಾರ್ತಿತ್ತು, ಹೊರಡೋವಾಗ ಒಣಗಿ ಬೆಳ್ಳಗಾಗಿತ್ತು, ಬಿಸಿಲೂ ಜೋರಿತ್ತು. ನಾವು ಗಂಟುಮೂಟೆ ಕಟ್ಟೋ ಹೊತ್ತಿಗೆ ಆ ಊರಿನ ಹುಡುಗ ಒಬ್ಬ ಬಿದಿರು ಕೋಲು ಹಿಡ್ಕೊಂಡು ಬಂದು ಮುಕ್ಕಾಲು ಗಂಟೇಲಿ ಮೂರು ಹಿಡ್ದು ಹೋದ. ನಮ್ದು ರಾಡು ರೀಲು ಎಲ್ಲಾ ಒಳ್ಳೇದೇ. ಈ ಸಲ ಜನವರಿ ಕೊನೇಲಿ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಜೋಗ ಅಂತ ನಾಲ್ಕು ದಿನದ ಪ್ಲಾನು. ಎಲ್ಲಿ, ಯಾವಾಗ, ಏನು ಹಾಕಿ ಹಿಡಿಬೇಕು?

ಉತ್ತರ: ನೋಡಿ, ನಿಮ್ಮ ಉತ್ತರ ನಿಮ್ಮ ಪ್ರಶ್ನೇಲೇ ಇದೆ. ಬಂದಾಗ ಬಂಡೆ ಒದ್ದೆ, ಹೋಗೋವಾಗ ಒಣಗಿತ್ತು ಅಂದ್ರಲ್ಲ, ಅದನ್ನ ನೀವು ಬಿಸಿಲಿನ ಲೆಕ್ಕಕ್ಕೆ ಹಾಕಿದೀರಿ. ಇಬ್ಬನಿಗೆ ಒದ್ದೆ ಆದ ಬಂಡೆ ಮೇಲಿಂದ ಕೆಳಗಿನ ತನಕ ಒಂದೇ ಥರ ಒದ್ದೆ ಇರ್ತದೆ, ಪಕ್ಕದ ಹುಲ್ಲೂ ಒದ್ದೆ ಇರ್ತದೆ. ನೀರು ಇಳಿದು ಒದ್ದೆ ಆಗಿರೋ ಬಂಡೆಗೆ ಮಾತ್ರ ಒಂದು ಪಟ್ಟಿ ಇರ್ತದೆ, ಪಟ್ಟಿ ಕೆಳಗೆ ಕಪ್ಪು, ಪಟ್ಟಿ ಮೇಲೆ ಬಿಳಿ, ಮತ್ತೆ ಆ ಕಪ್ಪು ಭಾಗಕ್ಕೆ ಕೈ ಇಟ್ರೆ ಲೋಳೆ ಲೋಳೆ. ಕಾಲು ಜಾರ್ತಿತ್ತು ಅಂದ್ರೆ ನೀವು ನಿಂತಿದ್ದು ಹಿಂದಿನ ರಾತ್ರಿ ನೀರೊಳಗೆ ಇದ್ದ ಬಂಡೆ ಮೇಲೆ. ಅಂದ್ರೆ ನೀವು ಐದು ಗಂಟೆ ಹೊತ್ತು ಇಳಿಯೋ ನೀರಲ್ಲಿ ಗಾಳ ಹಾಕಿದೀರಿ. ಆ ಹುಡುಗ ಬಂದಿದ್ದು ನೀರು ವಾಪಸ್ ಏರೋಕೆ ಶುರುವಾದ ಮೇಲೆ. ಅವನಿಗೆ ನಿಮಗಿಂತ ಜಾಸ್ತಿ ಏನೂ ಬರ್ತಿರ್ಲಿಲ್ಲ, ಹೊತ್ತು ಗೊತ್ತಿತ್ತು ಅಷ್ಟೆ.

ನಾವು ಚಿಕ್ಕವರಿದ್ದಾಗ ಕಲ್ತಿದ್ದೆಲ್ಲ ಹಳ್ಳದ ಮೀನು. ಅಲ್ಲಿ ಲೆಕ್ಕ ಸುಲಭ, ಬೆಳಗಿನ ಜಾವ ಮತ್ತೆ ಸಂಜೆ, ಮೋಡ ಇದ್ರೆ ಇನ್ನೂ ಒಳ್ಳೇದು, ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ ಹತ್ತಿ ಬರೋ ಹತ್ತುಮೀನು. ಡ್ಯಾಂ ಕೆಳಗಿನ ಹೊಳೆಗೆ ಆ ಪಂಚಾಂಗ ಪೂರ್ತಿ ನಡೆಯಲ್ಲ ಮಾರಾಯ್ರೆ. ಅಲ್ಲಿ ಹೊಳೆ ಏರೋದು ಇಳಿಯೋದು ಎಲ್ಲಾ ಗೇಟು ಎತ್ತೋರ ಕೈಲಿದೆ, ಬೆಳಗಾಯ್ತೋ ಸಂಜೆ ಆಯ್ತೋ ಅನ್ನೋದಕ್ಕಿಂತ ಜಾಸ್ತಿ ಈಗ ನೀರು ಏರ್ತಾ ಇದೆಯೋ ಇಳೀತಾ ಇದೆಯೋ ನಿಂತಿದೆಯೋ ಅನ್ನೋದು ಮೀನಿಗೆ ಮುಖ್ಯ ಆಗ್ತದೆ. ನೀರು ಏರೋಕೆ ಶುರುವಾದಾಗ ದಂಡೆಯ ಒಣ ಮಣ್ಣು, ಹುಲ್ಲಿನ ಬುಡ ಎಲ್ಲಾ ನೆನೆದು ಎರೆಹುಳ, ಇರುವೆ, ಮಿಡತೆ, ಎಂತೆಂತದೋ ಹೊಳೆಗೆ ಬೀಳ್ತದೆ, ಮೀನು ಅದಕ್ಕೇ ದಂಡೆ ಹತ್ರ ಬರ್ತದೆ. ನೀರು ಇಳಿಯುವಾಗ ಅದಕ್ಕೆ ಭಯ, ಎಲ್ಲಿ ಸಣ್ಣ ಗುಂಡೀಲಿ ಸಿಕ್ಕಾಕೊಳ್ತೀನೋ ಅಂತ ನಡುಹೊಳೆಯ ಮಡುವಿಗೆ ಹೋಗಿ ಕೂತ್ಕೊಳ್ತದೆ, ಮೂಗಿನ ಮುಂದೆ ಹುಳ ಇಟ್ರೂ ಬಾಯಿ ತೆಗೆಯಲ್ಲ. ನನ್ನ ಅನುಭವದಲ್ಲಿ ಏರೋಕೆ ಶುರುವಾದ ಮೊದಲ ಅರ್ಧ ಮುಕ್ಕಾಲು ಗಂಟೆ ಚೆನ್ನಾಗಿರ್ತದೆ, ಆಮೇಲೆ ಕೆಂಪು ನೀರು, ಕಸಕಡ್ಡಿ ಬಂದು ಹಾಳಾಗ್ತದೆ, ಮತ್ತೆ ನೀರು ಒಂದು ಮಟ್ಟಕ್ಕೆ ನಿಂತು ಒಂದೆರಡು ಗಂಟೆ ಆದ್ಮೇಲೆ ಇನ್ನೊಂದು ಒಳ್ಳೆ ಹೊತ್ತು.

ಇದನ್ನ ತಿಳಿಯೋಕೆ ಆ್ಯಪು ಗೀಪು ಎಂತದೂ ಬೇಡ. ಹೊಳೆಗೆ ಹೋದ ತಕ್ಷಣ, ರಾಡು ಕವರಿಂದ ತೆಗೆಯೋಕೂ ಮುಂಚೆ, ಒಂದು ಮೊಣಕೈ ಉದ್ದದ ಕಡ್ಡಿ ಮುರ್ಕೊಂಡು ನೀರು ಮಣ್ಣು ಮುಟ್ಟೋ ಜಾಗದಲ್ಲಿ ನೆಡಿ, ನೀರಿನ ಮಟ್ಟಕ್ಕೆ ಚಾಕುವಿಂದ ಒಂದು ಗೆರೆ ಹಾಕಿ. ಅಲೆ ಹೊಡೆಯೋ ಕಡೆ ಬೇಡ, ಬಂಡೆ ಸಂದೀಲಿ ನೀರು ಸುಮ್ನಿರೋ ಕಡೆ ನೆಡಿ. ಹತ್ತು ನಿಮಿಷಕ್ಕೆ ಒಂದ್ಸಲ ನೋಡಿ. ಗೆರೆ ಮೇಲೆ ಒದ್ದೆ ಬಿಟ್ಟು ನೀರು ಕೆಳಗೆ ಹೋಗಿದ್ರೆ ಇಳೀತಾ ಇದೆ, ಆರಾಮಾಗಿ ಟೀ ಕುಡೀರಿ, ಅವಲಕ್ಕಿ ತಿನ್ನಿ, ಮಡು ಎಲ್ಲಿದೆ ನೋಡ್ಕೊಳ್ಳಿ. ಗೆರೆ ಮುಳುಗಿದ್ರೆ ಗಾಳ ಹಾಕಿ. ಗೆರೆ ನಾಲ್ಕು ಬೆರಳು ಮುಳುಗಿದ್ರೆ ಗಾಳ ಸುತ್ಕೊಂಡು ಮೇಲೆ ಬನ್ನಿ, ಮೀನು ಕಚ್ತಾ ಇದ್ರೂ ಬನ್ನಿ.

ಈ ಕೊನೇ ಮಾತು ಯಾಕೆ ಹೇಳ್ದೆ ಅಂದ್ರೆ ಒಂದ್ಸಲ ನಾನೇ ಸಿಕ್ಕಾಕೊಂಡಿದ್ದೆ. ಮಾರ್ಚ್ ತಿಂಗಳು, ಸುಡು ಬಿಸಿಲು, ಆಕಾಶದಲ್ಲಿ ಹತ್ತಿ ಎಳೆಯಷ್ಟೂ ಮೋಡ ಇಲ್ಲ. ಮೊಣಕಾಲು ಮಟ್ಟದ ನೀರು ದಾಟಿ ನಡುಬಂಡೆಗೆ ಹೋಗಿ ಕೂತಿದ್ದೆ, ಚಪ್ಪಲಿ ಬಂಡೆಯ ಕೆಳಗಿನ ಮೆಟ್ಟಿಲಲ್ಲಿ ಬಿಟ್ಟಿದ್ದೆ. ಒಳ್ಳೆ ಎರಡು ಮೀನು ಸಿಕ್ಕಿದ್ವು, ಗಾಳದ ದಾರಕ್ಕೆ ಕಟ್ಟಿ ತೇಲಿಸೋ ಬೆಂಡು ನೋಡೋದ್ರಲ್ಲೇ ಮೈ ಮರೆತಿದ್ದೆ. ಆಗ ನೋಡ್ತೀನಿ, ಒಂದು ಹವಾಯಿ ಚಪ್ಪಲಿ ನನ್ನ ಬೆಂಡಿನ ಪಕ್ಕದಲ್ಲೇ ತೇಲ್ಕೊಂಡು ಹೋಗ್ತಾ ಇದೆ, ಯಾರದಪ್ಪ ಪಾಪ ಅಂತ ಅಂದ್ಕೊಂಡೆ, ನೀಲಿ ಪಟ್ಟಿ, ಒಂದು ಕಡೆ ಪಿನ್ನು ಚುಚ್ಚಿದ್ದು, ಆಮೇಲೆ ಗೊತ್ತಾಯ್ತು ಅದು ನಂದೇ. ತಿರುಗಿ ನೋಡಿದ್ರೆ ನಾನು ದಾಟಿ ಬಂದ ಜಾಗದಲ್ಲಿ ನೀರು ಸೊಂಟಕ್ಕೆ ಬಂದಿತ್ತು. ಮೇಲೆ ದನ ಮೇಯಿಸ್ತಿದ್ದ ಅಜ್ಜ ಒಬ್ರು ಹಗ್ಗ ಎಸೆದ್ರು, ಅದನ್ನ ಹಿಡ್ಕೊಂಡು ದಾಟಿದೆ. ರಾಡು, ಚೀಲ, ಎರಡು ಮೀನು, ಎಲ್ಲಾ ಹೊಳೆಪಾಲು. ಸೈರನ್ ಆಗಿತ್ತೋ ಇಲ್ವೋ ನಂಗೆ ಕೇಳಿಸ್ಲಿಲ್ಲ, ಬಂಡೆ ನಡುವೆ ನೀರು ಮೊರೆಯೋ ಕಡೆ ಕೂತ್ರೆ ಪಕ್ಕದವರು ಕೂಗಿದ್ರೂ ಕೇಳಲ್ಲ.

ಬಿರುಬೇಸಿಗೇಲಿ ಮೋಡ ಇಲ್ದೆ ನೀರು ಯಾಕೆ ಬರ್ತದೆ ಅಂತ ಕೇಳ್ಬಹುದು. ಭದ್ರೇದು ಲೆಕ್ಕ ಹೀಗೆ: ಲಕ್ಕವಳ್ಳಿ ಡ್ಯಾಂ ಪೂರ್ತಿ ಮಟ್ಟ 186 ಅಡಿ, ಹೆಚ್ಚುಕಡಿಮೆ 71 ಟಿಎಂಸಿ ಹಿಡಿಯೋ ದೊಡ್ಡ ಕೆರೆ. ಬೇಸಿಗೇಲಿ ಅಲ್ಲಿಂದ ನೀರು ಮುಖ್ಯವಾಗಿ ಹೋಗೋದು ಚಾನಲ್‌ಗೆ, ದಾವಣಗೆರೆ ಕಡೆ ಗದ್ದೆಗೆ, ಹೊಳೆಗೆ ಬರೋದು ಅಷ್ಟಕ್ಕಷ್ಟೆ. ಆದ್ರೆ ಮಧ್ಯದಲ್ಲಿ ಹಾವೇರಿ ಗದಗ ಕಡೆ ಕುಡಿಯೋ ನೀರಿಗೆ ಅಂತ ಕೆಲವು ದಿನ ಹೊಳೆಗೇ ಬಿಡ್ತಾರೆ, ಆಗ ಒಣಗಿ ಬಿದ್ದ ಹೊಳೇಲಿ ಒಮ್ಮೆಲೇ ನೀರು. ಪೇಪರಲ್ಲಿ ದಿನಾ ಡ್ಯಾಂ ಮಟ್ಟ, ಒಳಹರಿವು, ಹೊರಹರಿವು ಅಂತ ಬರ್ತದಲ್ಲ, ಅದನ್ನ ನೋಡೋವಾಗಲೂ ಜನ ಒಂದು ತಪ್ಪು ಮಾಡ್ತಾರೆ, ಹೊರಹರಿವು ಅಂದ್ರೆ ಎಲ್ಲಾ ಹೊಳೆಗೆ ಅಂದ್ಕೊಳ್ತಾರೆ. ಬಲದಂಡೆ ಚಾನಲ್ ಒಂದಕ್ಕೇ ಎರಡೂವರೆ ಸಾವಿರ ಕ್ಯೂಸೆಕ್ ಮೇಲೆ ಹೋಗೋ ದಿನ ಇರ್ತದೆ. ಹೊರಹರಿವು ಮೂರು ಸಾವಿರ ಅಂತ ಓದಿ ಹೊಳೆ ತುಂಬಿರ್ತದೆ ಅಂತ ಹೋದ್ರೆ ಹೊಳೇಲಿ ಎಮ್ಮೆ ಮಲಗೋಷ್ಟೂ ನೀರಿರಲ್ಲ. ಹಾಗಾಗಿ 'ನದಿಗೆ ಎಷ್ಟು' ಅನ್ನೋ ಕಾಲಂ ಬೇರೆ ಇದ್ರೆ ಅದನ್ನ ನೋಡಿ, ಇಲ್ದಿದ್ರೆ ಊರೋರನ್ನ ಕೇಳಿ. ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲೀಟರ್ ಚಿಲ್ರೆ, ಅಂದ್ರೆ ಸಾವಿರ ಕ್ಯೂಸೆಕ್ ಜಾಸ್ತಿ ಬಿಟ್ರು ಅಂದ್ರೆ ನಿಮ್ಮ ಮುಂದೆ ಪ್ರತಿ ಸೆಕೆಂಡಿಗೆ ಎರಡು ಮೂರು ಟ್ಯಾಂಕರ್ ನೀರು ಜಾಸ್ತಿ ಹೋಗ್ತಾ ಇದೆ ಅಂತ ತಿಳ್ಕೊಳ್ಳಿ.

ಹಾಂ, ಚಾನಲ್ ತುಂಬಿದೆ, ಹೊಳೆ ಖಾಲಿ, ಹಾಗಾದ್ರೆ ಚಾನಲ್‌ಗೇ ಗಾಳ ಹಾಕೋಣ ಅನ್ನೋ ಐಡಿಯಾ ನಿಮ್ಮಲ್ಲಿ ಒಬ್ರಿಗಾದ್ರೂ ಬಂದೇ ಬರ್ತದೆ. ಬೇಡ. ಇಳಿಜಾರು ಸಿಮೆಂಟು, ಪಾಚಿ, ಕಾಲಿಟ್ರೆ ಹಿಡ್ಕೊಳ್ಳೋಕೆ ಒಂದು ಹುಲ್ಲಿನ ಬೇರೂ ಸಿಗಲ್ಲ, ಈಜು ಬರೋರೇ ಹೋಗಿದಾರೆ.

ತುಂಗೆ ಬೇರೆ ಸ್ವಭಾವದವಳು. ಭದ್ರೆ ಜೊತೆ ಒಂದೇ ಗಂಗಾಮೂಲದಲ್ಲಿ ಹುಟ್ಟಿದ್ರೂ ಗಾಜನೂರು ಡ್ಯಾಂ ಹಿಡಿಯೋದು ಮೂರು ಟಿಎಂಸಿ ಚಿಲ್ರೆ ಮಾತ್ರ, ಮುಂಗಾರು ಶುರುವಾಗಿ ಸ್ವಲ್ಪ ದಿನಕ್ಕೇ ತುಂಬಿ ಹೋಗ್ತದೆ, ಆಮೇಲೆ ಮೇಲಿಂದ ಬಂದಿದ್ದೆಲ್ಲ ಹಾಗೇ ಕೆಳಗೆ. ಮಳೆಗಾಲದಲ್ಲಿ ತುಂಗೆಯ ಏರಿಳಿತ ಗೇಟಿಗಿಂತ ಆಗುಂಬೆ ಶೃಂಗೇರಿ ಕಡೆ ಮಳೆದೇ. ಅದಕ್ಕೇ ನಮ್ಮ ಕಡೆಯವ್ರು ಮೀಟರ್ ಗೀಟರ್ ನೋಡಲ್ಲ, ಶೃಂಗೇರೀಲಿ ಹೊಳೆ ದಂಡೆಯ ಕಪ್ಪೆ ಶಂಕರ ಗುಡಿ ಮುಳುಗಿತಂತೆ, ತೀರ್ಥಹಳ್ಳಿ ರಾಮಮಂಟಪ ಮುಳುಗಿತಂತೆ ಅಂತ ಸುದ್ದಿ ಬಂದ್ರೆ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ರ ಜನ ಮಂಟಪ ನೋಡೋಕೆ ಹೋಗ್ತಾರೆ, ಇವತ್ತು ಮುಳುಗ್ತದೋ ನಾಳೆನೋ ಅಂತ. ನೀವು ಬರೋ ಜನವರೀಲಿ ಅದ್ಯಾವುದೂ ಇಲ್ಲ. ಡ್ಯಾಂ ಕೆಳಗೆ ತುಂಗೆ ಆಗ ತೆಳ್ಳಗೆ, ಬಂಡೆ ಜಾಸ್ತಿ, ನೀರು ತಿಳಿ. ತಿಳಿ ನೀರಲ್ಲಿ ನಿಮ್ಮ ನೆರಳು ಬಿದ್ರೂ ಮೀನು ಓಡ್ತದೆ, ಸೂರ್ಯನ್ನ ಮುಖಕ್ಕೆ ಮಾಡ್ಕೊಂಡು ಕೂತ್ಕೊಳ್ಳಿ, ಕೆಂಪು ಹಳದಿ ಟೀಶರ್ಟು ಜೋಗದಲ್ಲಿ ಫೋಟೋಗೆ ಇಟ್ಕೊಳ್ಳಿ.

ಶರಾವತಿ ಬಗ್ಗೆ ಜನಕ್ಕೆ ತಪ್ಪು ಕಲ್ಪನೆ ಜಾಸ್ತಿ. ಲಿಂಗನಮಕ್ಕಿ ಡ್ಯಾಂ ಸಮುದ್ರಮಟ್ಟದ ಲೆಕ್ಕದಲ್ಲಿ 1,819 ಅಡಿ ತುಂಬಿ ಗೇಟು ಎತ್ತಿದ್ರೆ ಮಾತ್ರ ಕೆಳಗಿನ ಹೊಳೆಗೆ ಜೋರು ನೀರು, ಉಳಿದ ದಿನ ನೀರೆಲ್ಲಾ ತಳಕಳಲೆ ಕಡೆ ತಿರುಗಿ ಕರೆಂಟು ಮಾಡೋಕೆ ಹೋಗ್ತದೆ. ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು ಡ್ಯಾಂ. ಅದರ ಕೆಳಗೆ ಹೊಳೆ ಏರೋದು ಇಳಿಯೋದು ಊರಿನೋರು ಎಷ್ಟು ಕರೆಂಟು ಉರಿಸ್ತಾರೆ ಅನ್ನೋದರ ಮೇಲೆ, ಇನ್ನೂ ಹೊನ್ನಾವರ ಕಡೆ ಹೋದ್ರೆ ಸಮುದ್ರದ ಉಬ್ಬರ ಇಳಿತ ಬೇರೆ ಸೇರ್ಕೊಳ್ತದೆ, ಅಲ್ಲಿ ಗಾಳ ಹಾಕೋರ ಲೆಕ್ಕವೇ ಬೇರೆ, ಅದನ್ನ ಅಲ್ಲಿಯವ್ರ ಹತ್ರಾನೇ ಕಲೀಬೇಕು. ಜೋಗದ ಆಸುಪಾಸು ರಾಡು ಡಿಕ್ಕಿಯಿಂದ ತೆಗೀಲೇಬೇಡಿ. ಸಿಗಂದೂರು ಹಿನ್ನೀರು ನೋಡೋಕೆ ಚಂದ, 2025ರ ಜುಲೈನಲ್ಲಿ ಸೇತುವೆ ಆದ್ಮೇಲೆ ಲಾಂಚಿಗೆ ಕಾಯೋದೂ ಇಲ್ಲ, ಆದ್ರೆ ಹಿನ್ನೀರಿನ ಸುತ್ತ ಎಷ್ಟೋ ಜಾಗ ಅಭಯಾರಣ್ಯ, ಗೊತ್ತಿಲ್ದೆ ಗಾಳ ಹಾಕಿದ್ರೆ ಅರಣ್ಯ ಇಲಾಖೆಯವ್ರು ಬಂದು ಕೇಳ್ತಾರೆ, ಕೇಳೋದು ಸರೀನೇ. ಭದ್ರಾ ಹಿನ್ನೀರೂ ಹಾಗೇ, ಅದು 1998ರಿಂದ ಹುಲಿ ಮೀಸಲು. ಸಕ್ರೆಬೈಲಲ್ಲಿ ಆನೆ ನೋಡಿ, ಮಂಡಗದ್ದೆ ಹಕ್ಕಿಧಾಮದ ಹತ್ರ ಸುಮ್ನೆ ನಿಂತು ಹೊಳೆ ನೋಡಿ, ಎರಡೂ ಕಡೆ ಗಾಳ ಬೇಡ.

ಇನ್ನು ತೀರ್ಥಹಳ್ಳಿ ಹತ್ರ ಚಿಪ್ಪಲಗುಡ್ಡೆ, ಮೇಲೆ ಶೃಂಗೇರಿ. ಅಲ್ಲಿ ದಂಡೇಲಿ ನಿಂತು ಮಂಡಕ್ಕಿ ಎಸೆದ್ರೆ ತೋಳುದ್ದದ ಮಹಶೀರ್ ಬೆನ್ನು ತೋರಿಸ್ಕೊಂಡು ಬರ್ತವೆ, ನೋಡಿದ್ರೆ ನಿಮಗೆ ಕೈ ತುರಿಸ್ತದೆ, ನಂಗೂ ತುರಿಸ್ತದೆ. ಅದು ದೇವರ ಮೀನು, ಮುಟ್ಟೋ ಹಾಗಿಲ್ಲ, ಕಾನೂನೂ ಬಿಡಲ್ಲ, ಊರೋರೂ ಬಿಡಲ್ಲ. ಬೇರೆ ಕಡೆ ನಿಮ್ಮ ಗಾಳಕ್ಕೆ ಆಕಸ್ಮಿಕವಾಗಿ ಮಹಶೀರ್ ಬಂದ್ರೂ ನೀರಲ್ಲೇ ಇಟ್ಟು ಗಾಳ ಬಿಡಿಸಿ, ಕಿವಿರಿಗೆ ಬೆರಳು ಹಾಕಿ ಎತ್ತಿ ಫೋಟೋ ತೆಗೆಯೋದು ಬೇಡ, ಹಾಗೆ ಎತ್ತಿ ಬಿಟ್ಟಿದ್ದು ಎಷ್ಟೋ ಸಲ ಆಮೇಲೆ ಸಾಯ್ತದೆ.

ಹಾಗಾದ್ರೆ ಎಲ್ಲಿ? ನನ್ನ ಓಟು ತುಂಗೆ ಭದ್ರೆ ಸೇರೋ ಕೂಡ್ಲಿಯಿಂದ ಕೆಳಗೆ, ಹೊನ್ನಾಳಿ ಕಡೆ ಹೋಗೋ ತುಂಗಭದ್ರೆಗೆ. ಶಿವಮೊಗ್ಗದಿಂದ ಕೂಡ್ಲಿ ಹದಿನೈದು ಕಿಲೋಮೀಟರ್ ಆಸುಪಾಸು, ನಿಮ್ಮ ದಾರಿಗೆ ಸ್ವಲ್ಪ ಅಡ್ಡ ಆಗ್ತದೆ, ಆದ್ರೂ ಒಂದು ಬೆಳಿಗ್ಗೆ ಅದಕ್ಕೆ ಇಡಿ. ಯಾಕೆ ಅಂದ್ರೆ ಡ್ಯಾಂ ಬುಡದಲ್ಲಿ ಗೇಟು ಎತ್ತಿದ್ರೆ ನೀರು ನಿಮಿಷದಲ್ಲಿ ಏರ್ತದೆ, ಅದೇ ನೀರು ಇಪ್ಪತ್ತು ಮೂವತ್ತು ಕಿಲೋಮೀಟರ್ ಬಂಡೆ, ಮಡು, ಮರಳು ದಾಟಿ ಬರೋ ಹೊತ್ತಿಗೆ ಹರಡಿ ಚಪ್ಪಟೆ ಆಗಿರ್ತದೆ, ಏರಿದ್ರೂ ನಿಧಾನ ಏರ್ತದೆ, ಇಳಿದ್ರೂ ನಿಧಾನ. ಅದೂ ಅಲ್ದೆ ಎರಡು ಡ್ಯಾಂ ನೀರು ಅಲ್ಲಿ ಸೇರಿರ್ತದೆ, ಒಂದು ಕಡೆ ಕಮ್ಮಿ ಆದ್ರೆ ಇನ್ನೊಂದು ಕಡೆಯಿಂದ ಬರ್ತಾ ಇರ್ತದೆ. ಮೀನಿಗೂ ಸಮಾಧಾನ, ನಿಮಗೂ ಅಪಾಯ ಕಮ್ಮಿ. ಇನ್ನೊಂದು ಕಾರಣ ನೀರಿನ ಬಿಸಿ. ದೊಡ್ಡ ಡ್ಯಾಮಲ್ಲಿ ಬೇಸಿಗೆ ಬಂತು ಅಂದ್ರೆ ಮೇಲಿನ ನೀರು ಬೆಚ್ಚಗೆ, ತಳದ ನೀರು ತಣ್ಣಗೆ, ಅದ್ರಲ್ಲಿ ಪ್ರಾಣವಾಯುವೂ ಕಮ್ಮಿ. ತಳದ ತೂಬಿಂದ ಬಿಟ್ಟಿದ್ದು ಆ ತಣ್ಣೀರು. ಬುಡದಲ್ಲಿ ಕಾಲಿಟ್ರೆ ಜುಂ ಅನ್ನತ್ತಲ್ಲ, ಮೀನಿಗೂ ಹಾಗೇ, ಮೈ ಬಿಗಿದು ಹಸಿವು ಹೋಗ್ತದೆ. ಕೆಳಗೆ ಬಂದ ಹಾಗೆ ಬಿಸಿಲು ತಾಗಿ, ಬಂಡೆಗೆ ಬಡಿದು ಗಾಳಿ ಸೇರಿ ನೀರು ಸರಿ ಆಗ್ತದೆ. ಕೂಡ್ಲಿ ಸಂಗಮದಲ್ಲೇ ಮಾತ್ರ ಬೇಡ, ಅಲ್ಲಿ ದೇವಸ್ಥಾನ, ಸ್ನಾನದ ಜಾಗ, ಸ್ವಲ್ಪ ಕೆಳಗೆ ಹೋಗಿ.

ಹೋಗೋ ಮುಂಚೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಆಫೀಸಿಗೆ ಒಂದು ಫೋನ್ ಮಾಡಿ. ಹೊಳೆಯ ಯಾವ ಭಾಗ ಯಾರಿಗೆ ಗುತ್ತಿಗೆ, ಲೈಸೆನ್ಸು ಹೇಗೆ ಅಂತ ಅಲ್ಲೇ ಹೇಳ್ತಾರೆ. ನೀವು ಜನವರಿ ಅಂತಿದೀರಿ, ಅದು ಒಳ್ಳೇದೇ, ಮುಂಗಾರಿನ ಶುರುವಲ್ಲಿ ಮೊಟ್ಟೆ ಇಡೋ ಕಾಲ, ಆಗ ಇಲಾಖೆ ಮೀನು ಹಿಡಿಯೋದನ್ನೇ ನಿಲ್ಲಿಸ್ತದೆ.

ಏನು ಹಾಕೋದು ಅನ್ನೋದು ಕೊನೇ ಪ್ರಶ್ನೆ, ನೀವು ಮೊದಲು ಕೇಳಿದ್ದು. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗೆ ಹಿಟ್ಟು. ರಾಗಿ ಮುದ್ದೆ ಸ್ವಲ್ಪ ಗಟ್ಟಿ ಮಾಡಿ, ಆರಿದ ಮೇಲೆ ಪುಡಿ ಮಾಡಿದ ಕಡ್ಲೆಕಾಯಿ ಹಿಂಡಿ ಅದಕ್ಕೆ ಹಾಕಿ ನಾದಿ, ಚಪಾತಿ ಹಿಟ್ಟಿಗಿಂತ ಒಂದು ಕೈ ಗಟ್ಟಿ ಇರ್ಲಿ, ಒಂದು ಚಿಟಿಕೆ ಹತ್ತಿ ಬಿಡಿಸಿ ಸೇರಿಸಿದ್ರೆ ಹರಿಯೋ ನೀರಲ್ಲಿ ಕರಗಲ್ಲ. ನೆಲ್ಲಿಕಾಯಿ ಗಾತ್ರದ ಉಂಡೆ. ಅದೇ ಹಿಟ್ಟಿನ ನಾಲ್ಕು ದೊಡ್ಡ ಉಂಡೆ ಗಾಳ ಇಲ್ದೆ ಮೊದಲೇ ಎಸೆದಿಡಿ. ಗಿರ್ಲು, ಬಾಳೆಮೀನಿಗೆ ಎರೆಹುಳ ಇಲ್ಲಾ ಕೋಳಿ ಕರುಳು, ಎರೆಹುಳ ಅಂಗಡೀಲಿ ಹುಡುಕಬೇಡಿ, ಯಾರ ತೋಟದಲ್ಲಾದ್ರೂ ಕೇಳಿ ಅಡಿಕೆ ಸೋಗೆ ಮುಚ್ಚಿದ ಕಡೆ ಒಂದು ಹಿಡಿ ಮಣ್ಣು ಎತ್ತಿದ್ರೆ ಬೇಕಷ್ಟು. ನೀರು ಇಳಿಯುವಾಗ ಅನಿವಾರ್ಯ ಕೂರಲೇಬೇಕು ಅಂದ್ರೆ ದಂಡೆ ಬಿಟ್ಟು ಮಡುವಿನ ಆಳಕ್ಕೆ ಹಾಕಿ, ಬೆಂಡು ತೆಗೆದು ಜಾರೋ ಸೀಸದ ಗುಂಡು ಕಟ್ಟಿ. ಜಿಲೇಬಿ ಮೀನು ಸಿಕ್ರೆ ಫ್ರೈ ಮಾಡಿ, ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ರೆ ದಯವಿಟ್ಟು ವಾಪಸ್ ಹೊಳೆಗೆ ಬಿಡಬೇಡಿ, ಅದು ಇರೋಬರೋ ಮರಿ ಎಲ್ಲಾ ತಿಂದು ಹಾಕ್ತದೆ, ಸಾಕೋದಕ್ಕೂ ನಿಷೇಧ ಇರೋ ಮೀನು ಅದು.

ರಾಡು ರೀಲು ನಿಮ್ಮದು ಸಾಕು, ಹೊಸದು ಎಂತದೂ ಬೇಡ. ದುಡ್ಡು ಉಳಿದ್ರೆ ನಾಲ್ಕು ಲೈಫ್ ಜಾಕೆಟ್ ತಗೊಳ್ಳಿ, ಕಾರಿನ ಡಿಕ್ಕೀಲಿ ಇಪ್ಪತ್ತು ಮೀಟರ್ ಹಗ್ಗ ಇಟ್ಕೊಳ್ಳಿ. ನಡುಬಂಡೆಗೆ ಯಾರೂ ಹೋಗೋದು ಬೇಡ, ಸೆಲ್ಫಿಗೂ ಬೇಡ. 2014ರ ಜೂನಲ್ಲಿ ಹಿಮಾಚಲದ ಬಿಯಾಸ್ ಹೊಳೇಲಿ ಫೋಟೋ ತೆಗೀತಾ ನಿಂತಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು ಹೋಗಿದ್ದು ಮಳೆ ನೆರೆಗಲ್ಲ, ಮೇಲಿನ ಲಾರ್ಜಿ ಡ್ಯಾಮಿಂದ ಬಿಟ್ಟ ನೀರಿಗೆ. ಗಾಡಿಯನ್ನೂ ಮರಳ ಮೇಲೆ ಇಳಿಸಬೇಡಿ, ರಸ್ತೆ ಮೇಲೇ ನಿಲ್ಲಿಸಿ ನಡ್ಕೊಂಡು ಹೋಗಿ.

ಆ ಹುಡುಗ ಮತ್ತೆ ಸಿಕ್ರೆ ನೀರು ಎಷ್ಟು ಹೊತ್ತಿಗೆ ಬರ್ತದೆ ಅಂತ ಕೇಳಿ. ಹೊಳೆ ದಂಡೆಯ ಮನೆಯವ್ರಿಗೆ ಅದು ಬಾಯಿಪಾಠ ಇರ್ತದೆ, ಬಟ್ಟೆ ಒಗೆಯೋಕೆ ಹೋಗೋ ಹೆಂಗಸ್ರಿಗೆ ಇನ್ನೂ ಚೆನ್ನಾಗಿ ಗೊತ್ತಿರ್ತದೆ, ಕಲ್ಲು ಯಾವಾಗ ಮುಳುಗ್ತದೆ ಅಂತ ಅವ್ರಿಗೆ ದಿನಾ ಬೇಕಾದ ಸಂಗತಿ. ಹುಡುಗನ ಹತ್ರ ಕೇಳೋವಾಗ ನಿಮ್ಮ ಡಬ್ಬೀಲಿರೋ ಒಳ್ಳೆ ಗಾಳ ನಾಲ್ಕೈದು ಕೊಡಿ, ಅವನ ಬಿದಿರು ಕೋಲಿನ ತುದೀಲಿ ಇದ್ದಿದ್ದು ಬಹುಶಃ ಒಂದೇ ಒಂದು, ಅದೂ ತುಕ್ಕು ಹಿಡಿದಿದ್ದು.